ಟೋಪಿ ಹಿಡಿದು ನಿಂತ ತಂದೆ

(ಪವಿತ್ರ ಕುಟುಂಬದ ಹಬ್ಬದ ಬಲಿಪೂಜೆಯಲ್ಲಿ ನೀಡಿದ ಪ್ರಬೋಧನೆ)



ಕ್ರಿಸ್ಮಸ್ ಹಬ್ಬದ ಮಾರನೆಯ ದಿನ ಸಂಜೆ ನಮ್ಮ ಧರ್ಮಕೇಂದ್ರದ ಸಭಾಂಗಣದಲ್ಲಿ ಯುವಜನರು ಪರದೆ ಕಟ್ಟಿ ಒಂದು ಇಂಗ್ಲಿಷ್ ಚಲನಚಿತ್ರ ತೋರಿಸಿದ್ದು ನಿಮಗೆ ನೆನಪಿರಬಹುದು. ಅದರ ಹೆಸರು 'ಸಿಂಡ್ರೆಲಾ ಮ್ಯಾನ್'. 2005ರಲ್ಲಿ ತೆರೆಕಂಡ ಚಿತ್ರ, ರಾನ್ ಹೊವಾರ್ಡ್ ನಿರ್ದೇಶಿಸಿದ್ದು. ಬಾಕ್ಸಿಂಗ್ ಚಿತ್ರ ಎಂದು ಕೇಳಿದ್ದೇ ತಡ, ಹುಡುಗರೆಲ್ಲ ಮುಂದಿನ ಸಾಲಿನಲ್ಲಿ ಜಾಗ ಹಿಡಿದರು. ತಾಯಂದಿರು ಬಾಗಿಲ ಹತ್ತಿರ, ಬೇಸರವಾದರೆ ಎದ್ದು ಹೋಗೋಣ ಎಂಬಂತೆ ಕುಳಿತರು. ಚಿತ್ರ ಅರ್ಧಕ್ಕೆ ಬರುವಷ್ಟರಲ್ಲಿ ಮುಂದಿನ ಸಾಲಿನವರು "ಫೈಟ್ ಯಾವಾಗ ಬರುತ್ತೆ?" ಎಂದು ಚಡಪಡಿಸುತ್ತಿದ್ದರು. ಹಿಂದಿನ ಸಾಲಿನವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು.

ಚಿತ್ರ ಮುಗಿದ ಮೇಲೆ ನಮ್ಮ ಹಿರಿಯರೊಬ್ಬರು ಹತ್ತಿರ ಬಂದು ಕೇಳಿದರು: "ಸ್ವಾಮಿ, ಒಬ್ಬರನ್ನೊಬ್ಬರು ಗುದ್ದಿ ರಕ್ತ ಸುರಿಸುವ ಸಿನಿಮಾವನ್ನು ಪವಿತ್ರ ಕುಟುಂಬದ ಹಬ್ಬಕ್ಕೆ ಯಾಕೆ ತೋರಿಸಿದಿರಿ? ಸಂತ ಜೋಸೆಫರು ಯಾರ ಮೇಲಾದರೂ ಕೈ ಎತ್ತಿದ್ದರೇ?"

ಒಳ್ಳೆಯ ಪ್ರಶ್ನೆ. ಆ ರಾತ್ರಿ ನಮಗೆ ಸರಿಯಾದ ಉತ್ತರ ಹೊಳೆಯಲಿಲ್ಲ. ಎರಡು ದಿನ ಯೋಚಿಸಿದ ಮೇಲೆ ಹೊಳೆದದ್ದನ್ನು ಇಂದು ನಿಮ್ಮ ಮುಂದೆ ಇಡುತ್ತಿದ್ದೇವೆ. ಆ ಹಿರಿಯರು ಇಲ್ಲೇ ಕುಳಿತಿದ್ದಾರೆ, ತಪ್ಪಿದ್ದರೆ ತಿದ್ದಲಿ.

ಮೊದಲು ಕಥೆ. ಇದು ಕಟ್ಟುಕತೆಯಲ್ಲ, ಜೇಮ್ಸ್ ಬ್ರ್ಯಾಡಕ್ ಎಂಬ ನಿಜವಾದ ಮನುಷ್ಯನ ಬದುಕು. ಆತ 1905ರಲ್ಲಿ ನ್ಯೂಯಾರ್ಕಿನ ಬಡವರ ಕೇರಿಯೊಂದರಲ್ಲಿ, ಐರಿಶ್ ಮೂಲದ ಕಥೋಲಿಕ ಕುಟುಂಬದಲ್ಲಿ ಹುಟ್ಟಿದವನು. ನದಿಯ ಆಚೆ ನ್ಯೂಜೆರ್ಸಿಯಲ್ಲಿ ಬೆಳೆದ. ಓದು ಹೆಚ್ಚು ಹತ್ತಲಿಲ್ಲ, ಆದರೆ ಬಲಗೈಯಲ್ಲಿ ಶಕ್ತಿ ಇತ್ತು. ಬಾಕ್ಸಿಂಗನ್ನೇ ವೃತ್ತಿ ಮಾಡಿಕೊಂಡ. 1929ರ ಜುಲೈ ತಿಂಗಳಲ್ಲಿ ಟಾಮಿ ಲಾಫ್ರನ್ ಎಂಬ ವಿಶ್ವ ಚಾಂಪಿಯನ್ನನ ವಿರುದ್ಧ ಹದಿನೈದು ಸುತ್ತು ಹೋರಾಡಿ ಸೋತ. ಮೂರು ತಿಂಗಳು ಕಳೆಯುವಷ್ಟರಲ್ಲಿ, ಆ ವರ್ಷದ ಅಕ್ಟೋಬರಿನಲ್ಲಿ, ಅಮೆರಿಕದ ಷೇರುಪೇಟೆ ಕುಸಿದು ಬಿತ್ತು. 1930ರ ಜನವರಿಯಲ್ಲಿ ಆತ ಮೇ ಎಂಬಾಕೆಯನ್ನು ಮದುವೆಯಾದ. ಸೋಲು, ದೇಶದ ಬಡತನ, ಮದುವೆ, ಮೂರೂ ಬೆನ್ನುಬೆನ್ನಿಗೆ ಬಂದವು. ಮುಂದೆ ಮೂರು ಮಕ್ಕಳೂ ಆದವು: ಇಬ್ಬರು ಗಂಡು, ಒಂದು ಹೆಣ್ಣು.

ಆ ಕಾಲದ ಕಷ್ಟ ಎಂಥದ್ದು ಎಂದು ಒಂದೇ ಮಾತಿನಲ್ಲಿ ಹೇಳಬೇಕೆಂದರೆ, 1933ರಲ್ಲಿ ಅಮೆರಿಕದಲ್ಲಿ ದುಡಿಯುವವರ ಪೈಕಿ ಸುಮಾರು ನಾಲ್ಕರಲ್ಲಿ ಒಬ್ಬರಿಗೆ ಕೆಲಸ ಇರಲಿಲ್ಲ. ಬ್ಯಾಂಕುಗಳು ಸಾಲು ಸಾಲಾಗಿ ಮುಚ್ಚಿದವು. ನ್ಯೂಯಾರ್ಕಿನ ನಟ್ಟನಡುವಿನ ದೊಡ್ಡ ಉದ್ಯಾನದಲ್ಲಿಯೇ ಮನೆ ಕಳೆದುಕೊಂಡವರು ತಗಡು, ರಟ್ಟು, ಹಲಗೆಗಳಿಂದ ಗುಡಿಸಲು ಕಟ್ಟಿಕೊಂಡಿದ್ದರು. ಅಮೆರಿಕ ಎಂದರೆ ಹಣದ ಮರ ಎಂದುಕೊಂಡಿರುವ ನಮ್ಮ ಮಕ್ಕಳು ಇದನ್ನು ತಿಳಿದಿರಬೇಕು.

ಬ್ರ್ಯಾಡಕನ ಬಲಗೈ ಮೇಲಿಂದ ಮೇಲೆ ಮುರಿಯಿತು. ಒಂದರ ಹಿಂದೆ ಒಂದು ಸೋಲು. 1933ರ ಸೆಪ್ಟೆಂಬರಿನಲ್ಲಿ ಮತ್ತೆ ಕೈ ಮುರಿದಾಗ ಬಾಕ್ಸಿಂಗ್ ಮುಗಿದೇ ಹೋಯಿತು ಎನ್ನುವ ಸ್ಥಿತಿ. ಆಗ ಆತ ಬಂದರಿನಲ್ಲಿ ಮೂಟೆ ಎತ್ತುವ ಕೂಲಿಗೆ ನಿಂತ. ಬೆಳಗಿನ ಜಾವ ಗೇಟಿನ ಮುಂದೆ ನೂರು ಜನ ಸೇರುತ್ತಾರೆ, ಮೇಸ್ತ್ರಿ ಬೆರಳು ತೋರಿಸಿ ಕೆಲವರನ್ನು ಮಾತ್ರ ಒಳಗೆ ಕರೆಯುತ್ತಾನೆ. ಉಳಿದವರು ಮನೆಗೆ ನಡೆಯಬೇಕು. ಕೈಗೆ ಪ್ಲಾಸ್ಟರ್ ಕಟ್ಟಿದವನನ್ನು ಯಾರು ಕರೆಯುತ್ತಾರೆ? ಚಿತ್ರದಲ್ಲಿ ಆತನ ಹೆಂಡತಿ ಬೂಟ್ ಪಾಲಿಶ್ ತೆಗೆದು ಆ ಬಿಳಿ ಪ್ಲಾಸ್ಟರಿಗೆ ಕಪ್ಪು ಬಳಿಯುತ್ತಾಳೆ, ಅಂಗಿಯ ತೋಳಿನೊಳಗೆ ಅದು ಕಾಣದಿರಲಿ ಎಂದು. ಬಲಗೈ ಕೆಲಸಕ್ಕೆ ಬಾರದ್ದರಿಂದ ಕೊಕ್ಕೆ ಹಿಡಿದು ಎಡಗೈಯಿಂದಲೇ ಎಳೆಯುತ್ತಾನೆ. ಈ ಎಡಗೈಯನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಮನೆಯೊಳಗಿನ ದೃಶ್ಯಗಳನ್ನು ನೋಡಿ ನಮ್ಮ ತಾಯಂದಿರು ಯಾಕೆ ಅತ್ತರು ಎಂಬುದು ನಮಗೆ ಗೊತ್ತು. ಹಾಲಿನ ಬಾಟಲಿಯಲ್ಲಿ ತಳಕ್ಕೆ ಇಳಿದ ಹಾಲಿಗೆ ನೀರು ಬೆರೆಸಿ ಮೂರು ಮಕ್ಕಳಿಗೆ ಹಂಚುವ ತಾಯಿ ಯಾವ ದೇಶದಲ್ಲಿ ಇಲ್ಲ? ಬೆಳಗ್ಗೆ ಒಬ್ಬೊಬ್ಬರಿಗೆ ಒಂದೇ ಚೂರು ಮಾಂಸ. ಪುಟ್ಟ ಮಗಳು ಇನ್ನೂ ಬೇಕು ಎನ್ನುತ್ತಾಳೆ. ಆಗ ಅಪ್ಪ, ರಾತ್ರಿ ಕನಸಿನಲ್ಲಿ ದೊಡ್ಡ ಹೋಟೆಲಿನಲ್ಲಿ ಊಟ ಮಾಡಿ ಹೊಟ್ಟೆ ಬಿರಿಯುವಂತಾಗಿದೆ ಎಂದು ಹೇಳಿ ತನ್ನ ಚೂರನ್ನು ಅವಳ ತಟ್ಟೆಗೆ ಹಾಕಿ, ಬರಿಹೊಟ್ಟೆಯಲ್ಲಿ ಕೂಲಿಗೆ ಹೊರಡುತ್ತಾನೆ. "ನನಗೆ ಹಸಿವಿಲ್ಲ ಮಗಾ, ನೀನು ತಿನ್ನು" ಎಂಬ ಸುಳ್ಳನ್ನು ನಮ್ಮ ಅಪ್ಪ ಅಮ್ಮಂದಿರು ಎಷ್ಟು ಸಲ ಹೇಳಿಲ್ಲ? ಪಾಪನಿವೇದನೆಯ ಪೀಠದಲ್ಲಿ ಈ ಸುಳ್ಳನ್ನು ಯಾರೂ ಹೇಳಿಕೊಂಡದ್ದನ್ನು ನಾವು ಕೇಳಿಲ್ಲ. ಕೇಳಬೇಕಾಗಿಯೂ ಇಲ್ಲ.

ಇನ್ನೊಂದು ದೃಶ್ಯ. ಹಿರಿಯ ಮಗ ಮಾಂಸದ ಅಂಗಡಿಯಿಂದ ಒಂದು ಸಲಾಮಿಯನ್ನು ಕದ್ದು ತರುತ್ತಾನೆ. ಮಸಾಲೆ ತುಂಬಿ ಒಣಗಿಸಿದ ಮಾಂಸ ಅದು, ಸಾಸೇಜಿನ ದೊಡ್ಡಣ್ಣ ಎನ್ನಿ. ತಂದೆಗೆ ವಿಷಯ ತಿಳಿಯುತ್ತದೆ. ಮನೆಯಲ್ಲಿ ತಿನ್ನಲು ಏನೂ ಇಲ್ಲ, ಕದ್ದದ್ದು ಕೈಯಲ್ಲೇ ಇದೆ, ಯಾರೂ ನೋಡಿಲ್ಲ. ಆದರೂ ಮಗನ ಕೈ ಹಿಡಿದು ಅಂಗಡಿಗೆ ಕರೆದುಕೊಂಡು ಹೋಗಿ ವಾಪಸ್ ಕೊಡಿಸುತ್ತಾನೆ. ಹೊಡೆಯುವುದಿಲ್ಲ, ಬೈಯುವುದಿಲ್ಲ. ದಾರಿಯಲ್ಲಿ ಹುಡುಗ ಬಾಯಿ ಬಿಡುತ್ತಾನೆ: ಅವನ ಗೆಳೆಯನೊಬ್ಬನನ್ನು, ಮನೆಯಲ್ಲಿ ಊಟಕ್ಕಿಲ್ಲವೆಂದು, ದೂರದ ನೆಂಟರ ಮನೆಗೆ ಕಳುಹಿಸಿಬಿಟ್ಟಿದ್ದಾರೆ. ತನಗೂ ಹಾಗೆಯೇ ಆದೀತು ಎಂಬ ಭಯಕ್ಕೆ ಅವನು ಕದ್ದಿದ್ದ. ಅಪ್ಪ ಬಗ್ಗಿ ಕುಳಿತು ಮಾತು ಕೊಡುತ್ತಾನೆ, ಏನೇ ಆದರೂ ನಿಮ್ಮನ್ನು ಕಳುಹಿಸುವುದಿಲ್ಲ ಎಂದು. ಅದುವರೆಗೆ ಗಟ್ಟಿಯಾಗಿದ್ದ ಹುಡುಗ ಆಗ ಅತ್ತುಬಿಡುತ್ತಾನೆ.

ನಮ್ಮ ಅಭಿಪ್ರಾಯ ಕೇಳಿದರೆ, ಇಡೀ ಚಿತ್ರ ಈ ಒಂದು ಮಾತಿನ ಮೇಲೆ ನಿಂತಿದೆ. ಬಾಕ್ಸಿಂಗ್ ಪಂದ್ಯಗಳು ಅದಕ್ಕೆ ಹಾಕಿದ ಚೌಕಟ್ಟು ಅಷ್ಟೇ. ತಂದೆಯೊಬ್ಬ ಮಗನಿಗೆ ಕೊಟ್ಟ ಮಾತು ಉಳಿಯುತ್ತದೆಯೇ ಇಲ್ಲವೇ ಎಂಬುದೇ ಇಲ್ಲಿಯ ನಿಜವಾದ ಹೋರಾಟ.

ಆ ಮಾತು ಉಳಿಯಲಿಲ್ಲ. ಚಳಿಗಾಲ ಬಂತು. ಬಿಲ್ಲು ಕಟ್ಟಿಲ್ಲವೆಂದು ಕರೆಂಟು ತೆಗೆದರು. ಮನೆ ಬೆಚ್ಚಗಿಡಲು ಏನೂ ಇಲ್ಲ. ಕಿರಿಯ ಮಗನಿಗೆ ಜ್ವರ, ಕೆಮ್ಮು. ಒಂದು ದಿನ ಬ್ರ್ಯಾಡಕ್ ಮನೆಗೆ ಬಂದರೆ ಮಕ್ಕಳಿಲ್ಲ. ಹೆಂಡತಿ ಅವರನ್ನು ತನ್ನ ತವರಿನ ಕಡೆಯವರಲ್ಲಿಗೆ ಕಳುಹಿಸಿದ್ದಾಳೆ. ಆಕೆ ಮಾಡಿದ್ದು ತಪ್ಪೇ? ಮಗುವಿನ ಎದೆಯಲ್ಲಿ ಕಫ ಕಟ್ಟಿದಾಗ ತಾಯಿ ಇನ್ನೇನು ಮಾಡಿಯಾಳು? ಆತ ಕೂಗಾಡಿದ್ದು ತಪ್ಪೇ? ಮಗನಿಗೆ ಮಾತು ಕೊಟ್ಟವನು ಅವನು. ಇಬ್ಬರೂ ಮಕ್ಕಳ ಮೇಲಿನ ಪ್ರೀತಿಯಿಂದಲೇ ಜಗಳವಾಡಿದರು. ಎಷ್ಟೋ ಮನೆಗಳಲ್ಲಿ ಗಂಡ ಹೆಂಡತಿ ಜಗಳವಾಡುವುದು ಪ್ರೀತಿ ಇಲ್ಲದ್ದಕ್ಕಲ್ಲ, ದುಡ್ಡು ಇಲ್ಲದ್ದಕ್ಕೆ. ಮಧ್ಯಸ್ಥಿಕೆಗೆ ಕುಳಿತಾಗಲೆಲ್ಲ ನಮಗೆ ಇದು ಮತ್ತೆ ಮತ್ತೆ ತಿಳಿದು ಬಂದಿದೆ.

ಇದೇ ಕಷ್ಟದ ದಿನಗಳಲ್ಲಿ ಚಿತ್ರದ ಬ್ರ್ಯಾಡಕ್ ಇನ್ನೊಂದು ಮಾತನ್ನೂ ಹೇಳುತ್ತಾನೆ. ಊಟದ ಮುಂಚಿನ ಪ್ರಾರ್ಥನೆಗೆ ಹೆಂಡತಿ ಕೈ ಚಾಚಿದಾಗ, ನನ್ನಲ್ಲಿ ಪ್ರಾರ್ಥನೆ ಎಲ್ಲ ಮುಗಿದುಹೋಯಿತು ಎನ್ನುತ್ತಾನೆ. ಸಭಾಂಗಣದಲ್ಲಿ ಇದನ್ನು ಕೇಳಿ ಯಾರೋ 'ಛೆ' ಎಂದರು. ಆದರೆ ಕೀರ್ತನೆಗಳ ಗ್ರಂಥವನ್ನು ತೆರೆದು ನೋಡಿ, ದೇವರೇ ಎಲ್ಲಿ ಹೋದೆ ಎಂದು ಮೊರೆಯಿಡುವ ಕೀರ್ತನೆಗಳು ಅಲ್ಲಿ ಬೇಕಾದಷ್ಟಿವೆ. ಖಾಲಿಯಾದವನು ಖಾಲಿಯಾದೆ ಎಂದು ಒಪ್ಪಿಕೊಳ್ಳುವುದನ್ನು ದೇವರು ಪ್ರಾರ್ಥನೆ ಎಂದೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆಂದು ನಾವು ನಂಬುತ್ತೇವೆ.

ಮಕ್ಕಳನ್ನು ವಾಪಸ್ ಕರೆತರಬೇಕಾದರೆ ಕರೆಂಟಿನ ಹಣ ಕಟ್ಟಬೇಕು. ಬ್ರ್ಯಾಡಕ್ ಏನು ಮಾಡಿದ? ಮೊದಲು ಸರ್ಕಾರದ ಪರಿಹಾರ ಕಚೇರಿಯ ಸಾಲಿನಲ್ಲಿ ನಿಂತ. ಸಾವಿರಾರು ಜನ ಕೂಗಿ ಕರೆದಿದ್ದ ಹೆಸರನ್ನು ಅಲ್ಲಿಯ ಗುಮಾಸ್ತೆಗೆ ಮೆಲ್ಲಗೆ ಹೇಳಿ ದುಡ್ಡು ಪಡೆದ. ಅದು ಸಾಲಲಿಲ್ಲ. ಆಗ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿಗೆ ಹೋದ. ಬಾಕ್ಸಿಂಗಿನ ದೊಡ್ಡ ಕುಳಗಳೆಲ್ಲ ಕುಡಿಯುತ್ತಾ ಸೇದುತ್ತಾ ಕುಳಿತಿದ್ದ ಕೋಣೆಗೆ ಹೊಕ್ಕು, ತಲೆಯ ಟೋಪಿ ತೆಗೆದು, ಮಕ್ಕಳ ವಿಷಯ ಹೇಳಿ, ಒಬ್ಬೊಬ್ಬರ ಮುಂದೆಯೂ ಆ ಟೋಪಿ ಹಿಡಿದು ನಡೆದ. ಕೆಲವರು ಚಿಲ್ಲರೆ ಹಾಕಿದರು, ಕೆಲವರು ಮುಖ ತಿರುಗಿಸಿದರು. ಕೊನೆಗೆ ಅವನ ಹಳೆಯ ಮ್ಯಾನೇಜರ್ ಜೋ ಗೂಲ್ಡ್ ಕಡಿಮೆ ಬಿದ್ದದ್ದನ್ನು ತುಂಬಿಕೊಟ್ಟ.

ಪ್ರಿಯರೇ, ನಮ್ಮ ಹಿರಿಯರ ಪ್ರಶ್ನೆಗೆ ಉತ್ತರ ನಮಗೆ ಸಿಕ್ಕಿದ್ದು ಈ ಕೋಣೆಯಲ್ಲಿ. ಗುದ್ದುವುದಕ್ಕೆ ಧೈರ್ಯ ಬೇಕು, ನಿಜ. ಗುದ್ದು ತಿನ್ನುವುದಕ್ಕೂ ಬೇಕು. ಆದರೆ ಒಂದು ಕಾಲದಲ್ಲಿ ತನಗೆ ಚಪ್ಪಾಳೆ ತಟ್ಟಿದವರ ಮುಂದೆ ಕೈಯೊಡ್ಡುವುದಕ್ಕೆ ಎಷ್ಟು ಎದೆ ಬೇಕು! ಮರ್ಯಾದೆ ಎಂಬುದು ಗಂಡಸಿನ ಕೊನೆಯ ಅಂಗಿ. ಹೊಟ್ಟೆಗಿಲ್ಲದಿದ್ದರೂ ಅದನ್ನು ಬಿಚ್ಚಲು ಯಾರಿಗೂ ಮನಸ್ಸಾಗದು. ಆತ ಮಕ್ಕಳಿಗಾಗಿ ಅದನ್ನೂ ಬಿಚ್ಚಿದ.

ಈಗ ಇಂದಿನ ಶುಭಸಂದೇಶಕ್ಕೆ ಬನ್ನಿ. ಮತ್ತಾಯನು ಹೇಳುವಂತೆ, ಜೋಸೆಫರು ರಾತ್ರಿಯಲ್ಲೇ ಎದ್ದು ಕೂಸನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿಗೆ ಹೊರಟರು. ಹೊರಟರು ಎಂದು ಓದಿ ಮುಂದೆ ಹೋಗಿಬಿಡುತ್ತೇವೆ. ಅಲ್ಲಿ ಏನು ಕೆಲಸ ಮಾಡಿದರು? ಯಾರ ಬಾಗಿಲು ತಟ್ಟಿದರು? ಭಾಷೆ ಬಾರದ ನಾಡಿನಲ್ಲಿ, ಬಾಣಂತಿಯನ್ನೂ ಹಸುಗೂಸನ್ನೂ ಕಟ್ಟಿಕೊಂಡ ಬಡಗಿಯೊಬ್ಬ ಕೆಲಸ ಕೇಳುತ್ತ ನಿಂತಿರಲೇಬೇಕಲ್ಲವೇ? ಶುಭಸಂದೇಶದಲ್ಲಿ ಜೋಸೆಫರ ಬಾಯಿಂದ ಬಂದ ಒಂದು ಮಾತೂ ದಾಖಲಾಗಿಲ್ಲ. ಅವರು ಬಡವರಾಗಿದ್ದರು ಎಂಬುದಕ್ಕೆ ಮಾತ್ರ ಲೂಕನ ಸಾಕ್ಷ್ಯವಿದೆ: ಮಗುವನ್ನು ದೇವಾಲಯಕ್ಕೆ ತಂದಾಗ ಕುರಿಮರಿಯ ಬದಲು ಎರಡು ಹಕ್ಕಿಗಳನ್ನು ಅರ್ಪಿಸಿದರು. ಮೋಶೆಯ ಧರ್ಮಶಾಸ್ತ್ರದ ಪ್ರಕಾರ ಅದು ಕುರಿಮರಿ ಕೊಳ್ಳಲಾಗದವರ ಕಾಣಿಕೆ. ಕಾಣಿಕೆ ಕೊಡುವ ಜಾಗದಲ್ಲಿ ಎಲ್ಲರಿಗೂ ಕಾಣುವಂತೆ ತನ್ನ ಬಡತನವನ್ನು ಕೈಯಲ್ಲಿ ಹಿಡಿದು ನಿಂತ ತಂದೆ ಅವರು. ನಮ್ಮ ಗೋದಲಿಯಲ್ಲಿ ಅವರಿಗೆ ಹೊಸ ಬಣ್ಣ ಬಳಿದಿದ್ದೇವೆ, ಜರಿ ಅಂಚಿನ ನಿಲುವಂಗಿ ತೊಡಿಸಿದ್ದೇವೆ. ಅದಕ್ಕೇ ಇದು ಮರೆತುಹೋಗುತ್ತದೆ.

ಬ್ರ್ಯಾಡಕನ ಮುಂದಿನ ಕಥೆಯನ್ನು ಬೇಗ ಮುಗಿಸುತ್ತೇವೆ, ಹುಡುಗರಿಗೆ ಅದು ಬಾಯಿಪಾಠ. 1934ರ ಜೂನ್ 14ರಂದು ಕಾರ್ನ್ ಗ್ರಿಫಿನ್ ಎಂಬ ಯುವಕನ ಎದುರು ಕಣಕ್ಕಿಳಿಯಲು ಒಬ್ಬ ಎದುರಾಳಿ ಬೇಕಿತ್ತು. ಸೋಲಲೆಂದೇ ಬ್ರ್ಯಾಡಕನನ್ನು ಕರೆದರು, ತಯಾರಿಗೆ ಸಮಯವೇ ಇರಲಿಲ್ಲ. ಮೂರನೆಯ ಸುತ್ತಿನಲ್ಲಿ ಆತ ಗೆದ್ದುಬಿಟ್ಟ. ಬಂದರಿನಲ್ಲಿ ಮೂಟೆ ಎಳೆದು ಎಳೆದು ಎಡಗೈ ಕಬ್ಬಿಣವಾಗಿತ್ತು! ಅದೇ ವರ್ಷದ ನವೆಂಬರಿನಲ್ಲಿ ಜಾನ್ ಹೆನ್ರಿ ಲೂಯಿಸ್, 1935ರ ಮಾರ್ಚಿನಲ್ಲಿ ಆರ್ಟ್ ಲಾಸ್ಕಿ, ಇಬ್ಬರನ್ನೂ ಸೋಲಿಸಿದ. 1935ರ ಜೂನ್ 13ರಂದು ವಿಶ್ವ ಹೆವಿವೇಟ್ ಚಾಂಪಿಯನ್ ಮ್ಯಾಕ್ಸ್ ಬೇರ್ ಎದುರು ನಿಂತಾಗ ಪಂದ್ಯ ಕಟ್ಟುವವರ ಲೆಕ್ಕದಲ್ಲಿ ಬ್ರ್ಯಾಡಕ್ ಹತ್ತಕ್ಕೆ ಒಂದು. ಹದಿನೈದು ಸುತ್ತುಗಳ ನಂತರ ತೀರ್ಪುಗಾರರೆಲ್ಲ ಆತನನ್ನೇ ವಿಜಯಿ ಎಂದರು. ಬೂದಿಯ ಮೂಲೆಯಿಂದ ಅರಮನೆಗೆ ಹೋದ ಸಿಂಡ್ರೆಲಾಳ ಹೆಸರು ಈ ಗಂಡಸಿಗೆ ಅಂಟಿದ್ದು ಹೀಗೆ. ಆ ಹೆಸರಿಟ್ಟವರು ಪತ್ರಕರ್ತ ಡೇಮನ್ ರನ್ಯನ್. ಚಿತ್ರದಲ್ಲಿ ಪತ್ರಕರ್ತರು ಈಗ ಯಾಕೆ ಹೋರಾಡುತ್ತಿದ್ದೀರಿ ಎಂದು ಕೇಳಿದಾಗ ಆತ ಪದಕ, ಕೀರ್ತಿ, ದೇಶ ಯಾವುದನ್ನೂ ಹೇಳುವುದಿಲ್ಲ. ಹಾಲಿಗಾಗಿ ಎನ್ನುತ್ತಾನೆ.

ಕೈಗೆ ಹಣ ಬಂದ ಮೇಲೆ ಆತ ಮಾಡಿದ ಒಂದು ಕೆಲಸ ಚಿತ್ರಕ್ಕೆ ಸೇರಿಸಿದ ಕಲ್ಪನೆಯಲ್ಲ, ನಿಜವಾಗಿ ನಡೆದದ್ದು: ಪರಿಹಾರ ಕಚೇರಿಯಿಂದ ಪಡೆದ ಹಣವನ್ನು ವಾಪಸ್ ಕಟ್ಟಿದ. ಯಾರೂ ಕೇಳಿರಲಿಲ್ಲ, ಅದು ಸಾಲವೂ ಅಲ್ಲ. ಸಲಾಮಿ ವಾಪಸ್ ಕೊಟ್ಟ ಅದೇ ಕೈ.

ಮೇ ಬಗ್ಗೆ ಒಂದಿಷ್ಟು ಹೇಳದಿದ್ದರೆ ತಾಯಂದಿರು ನಮ್ಮನ್ನು ಬಿಡಲಾರರು. ಚಿತ್ರದ ಈ ಹೆಣ್ಣುಮಗಳು ಗಂಡನ ಪಂದ್ಯವನ್ನು ಎಂದೂ ಕಣ್ಣಾರೆ ನೋಡದವಳು. ಆತ ಮತ್ತೆ ಕಣಕ್ಕೆ ಇಳಿಯುವುದು ಅವಳಿಗೆ ಬೇಡ. ಕೋಪದಿಂದ ಮ್ಯಾನೇಜರ್ ಗೂಲ್ಡನ ಮನೆಗೆ ಹೋಗುತ್ತಾಳೆ. ಯಾವಾಗಲೂ ಇಸ್ತ್ರಿ ಮಾಡಿದ ಸೂಟು ತೊಟ್ಟು ಓಡಾಡುವ ಇವನು ತನ್ನ ಗಂಡನ ರಕ್ತದಿಂದ ಸುಖವಾಗಿದ್ದಾನೆ ಎಂದುಕೊಂಡಿದ್ದಳು. ಬಾಗಿಲು ತೆರೆದರೆ ಒಳಗೆ ಕುರ್ಚಿ, ಮಂಚ ಎಲ್ಲವನ್ನೂ ಮಾರಿದ ಖಾಲಿ ಮನೆ! ಬ್ರ್ಯಾಡಕನ ತರಬೇತಿಗೆ ದುಡ್ಡು ಬಂದದ್ದು ಅಲ್ಲಿಂದ. ಪಕ್ಕದ ಮನೆಯವರ ಒಗೆದ ಬಟ್ಟೆ ನೋಡಿ ಅವರಿಗೇನು ಕಡಿಮೆ ಎಂದುಕೊಳ್ಳುವ ನಮಗೆಲ್ಲರಿಗೂ ಆ ಖಾಲಿ ಕೋಣೆಯನ್ನು ತೋರಿಸಬೇಕಿತ್ತು.

ಕೊನೆಯ ಪಂದ್ಯದ ದಿನ ಮೇ ಒಬ್ಬಳೇ ಪ್ರಾರ್ಥಿಸೋಣವೆಂದು ದೇವಾಲಯಕ್ಕೆ ಹೋಗುತ್ತಾಳೆ. ಒಳಗೆ ಕಾಲಿಡಲು ಜಾಗವಿಲ್ಲ. ಕೇರಿಯವರೆಲ್ಲ ಬಂದು ಬ್ರ್ಯಾಡಕನಿಗಾಗಿ ಕುಳಿತಿದ್ದಾರೆ. ತನ್ನ ಗಂಡ ತನ್ನ ಮಕ್ಕಳಿಗಾಗಿ ಮಾತ್ರ ಹೋರಾಡುತ್ತಿದ್ದಾನೆ ಎಂದುಕೊಂಡಿದ್ದವಳಿಗೆ, ಈ ಜನರೆಲ್ಲ ಅವನನ್ನು ತಮ್ಮ ಮನೆಯ ಮಗ ಎಂದು ತಿಳಿದಿದ್ದಾರೆ ಎಂಬುದು ಆಗ ಗೊತ್ತಾಗುತ್ತದೆ. ಇನ್ನೊಬ್ಬನಿಗೆ ಗುದ್ದಲಿ ಎಂದು ಪ್ರಾರ್ಥಿಸಬಹುದೇ ಎಂದು ನಮ್ಮ ಯುವಕನೊಬ್ಬ ಕೇಳಿದ. ಬೇಡಪ್ಪ. ಅವರು ಕೇಳಿದ್ದು ಮನುಷ್ಯ ಜೀವಂತವಾಗಿ ಮನೆಗೆ ಬರಲಿ ಎಂದು. ಗೆಲುವು ಅದರ ಹಿಂದೆ ಬಂದರೆ ಬರಲಿ.

ಇಲ್ಲಿ ಚಿತ್ರದ ಒಂದು ತಪ್ಪನ್ನು ಹೇಳದೆ ಇರಲಾರೆವು. ಮ್ಯಾಕ್ಸ್ ಬೇರನನ್ನು ಅದರಲ್ಲಿ ಕೊಂದದ್ದಕ್ಕೆ ನಗುವ ರಾಕ್ಷಸನಂತೆ ತೋರಿಸಿದ್ದಾರೆ. 1930ರಲ್ಲಿ ಆತನ ಎದುರಾಳಿ ಫ್ರ್ಯಾಂಕಿ ಕ್ಯಾಂಬೆಲ್ ಪಂದ್ಯದ ನಂತರ ತೀರಿಕೊಂಡದ್ದು ನಿಜ. ಆದರೆ ಬೇರ್ ಅದರಿಂದ ಕುಗ್ಗಿಹೋದವನು, ಸತ್ತವನ ಕುಟುಂಬಕ್ಕೆ ಹಣ ಕೊಟ್ಟವನು. 1933ರಲ್ಲಿ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗನ ವಿರುದ್ಧ ಚಡ್ಡಿಯ ಮೇಲೆ ಯೆಹೂದ್ಯರ ದಾವೀದನ ನಕ್ಷತ್ರವನ್ನು ಹೊಲಿಸಿಕೊಂಡು ಇಳಿದವನು. ಆತ 1959ರಲ್ಲಿ ತೀರಿಕೊಂಡಿದ್ದ, ಚಿತ್ರ ಬಂದಾಗ ಉತ್ತರ ಕೊಡಲು ಬದುಕಿರಲಿಲ್ಲ. ಆತನ ಮಗ ಇದನ್ನು ಬಹಿರಂಗವಾಗಿ ಆಕ್ಷೇಪಿಸಿದರು. ಒಂದು ಕುಟುಂಬದ ತಂದೆಯನ್ನು ಎತ್ತರಕ್ಕೇರಿಸಲು ಇನ್ನೊಂದು ಕುಟುಂಬದ ತಂದೆಯನ್ನು ಕೆಸರಿಗೆ ತಳ್ಳಬೇಕಿತ್ತೇ? ಸುಳ್ಳುಸಾಕ್ಷಿ ಹೇಳಬಾರದೆಂಬ ಕಟ್ಟಳೆ ಸಿನಿಮಾದವರಿಗೂ ಇದೆ.

ಬ್ರ್ಯಾಡಕ್ ಎರಡು ವರ್ಷ ಚಾಂಪಿಯನ್ ಆಗಿದ್ದು, 1937ರ ಜೂನ್ 22ರಂದು ಷಿಕಾಗೋದಲ್ಲಿ ಜೋ ಲೂಯಿಸ್ ಎದುರು ಎಂಟನೆಯ ಸುತ್ತಿನಲ್ಲಿ ಬಿದ್ದ. ಎರಡನೆಯ ಮಹಾಯುದ್ಧದಲ್ಲಿ ಆತನೂ ಗೂಲ್ಡನೂ ಸೈನ್ಯ ಸೇರಿದರು. ಆಮೇಲೆ ನ್ಯೂಯಾರ್ಕಿನ ವೆರಜಾನೋ ಸೇತುವೆ ಕಟ್ಟುವಾಗ ಈ ಮಾಜಿ ವಿಶ್ವ ಚಾಂಪಿಯನ್ ಅಲ್ಲಿ ಯಂತ್ರಗಳ ಜೊತೆ ದುಡಿದ. ಗೆದ್ದ ಹಣದಲ್ಲಿ ನ್ಯೂಜೆರ್ಸಿಯ ನಾರ್ತ್ ಬರ್ಗನ್ನಿನಲ್ಲಿ ಕೊಂಡಿದ್ದ ಮನೆಯಲ್ಲಿಯೇ ಮೇ ಜೊತೆ ಬಾಳಿ 1974ರಲ್ಲಿ ತೀರಿಕೊಂಡ. ಚಿತ್ರದಲ್ಲಿ ಮೇ ಪಕ್ಕದಲ್ಲಿ ನಿಲ್ಲುವ ನೆರೆಮನೆಯ ಸಾರಾಳ ಪಾತ್ರ ಮಾಡಿದವರು ರೋಸ್‌ಮೇರಿ ಡಿವಿಟ್. ಆಕೆ ಬ್ರ್ಯಾಡಕನ ಸ್ವಂತ ಮೊಮ್ಮಗಳು, ಅಂದು ಇನ್ನೊಂದು ಚೂರು ಬೇಕೆಂದ ಆ ಪುಟ್ಟ ಹುಡುಗಿಯ ಸಂತಾನ.

ಇನ್ನು ನಮ್ಮ ವಿಷಯ. 2020ರ ಲಾಕ್‌ಡೌನಿನಲ್ಲಿ ನಮ್ಮ ನಡುವೆಯೂ ಎಷ್ಟೋ ಮಂದಿ ಕೂಲಿ ಕಳೆದುಕೊಂಡರು. ಮಕ್ಕಳನ್ನು ಅಜ್ಜಿಯ ಊರಿಗೆ ಬಿಟ್ಟು ಬಂದವರಿದ್ದರು. ಆಗ ದೇವಾಲಯದ ಅಂಗಳದಲ್ಲಿ ಅಕ್ಕಿ, ಬೇಳೆ ಹಂಚಿದೆವು. ಹಂಚಿದ್ದು ಒಳ್ಳೆಯದೇ. ಆದರೆ ಸಾಲಿನಲ್ಲಿ ನಿಲ್ಲಿಸಿ, ಹೆಸರು ಕೂಗಿ, ಫೋಟೋ ತೆಗೆದು ಹಂಚಿದೆವು. ಸಾಲಿನಲ್ಲಿ ಟವೆಲ್‌ನಿಂದ ಮುಖ ಮುಚ್ಚಿಕೊಂಡು ನಿಂತಿದ್ದ ಒಬ್ಬ ತಂದೆ ಫೋಟೋದ ಸರದಿ ಬಂದಾಗ ಅಕ್ಕಿ ಚೀಲವನ್ನು ಕೆಳಗಿಟ್ಟು ಹೊರಟುಹೋದರು. ಆ ದಿನ ನಾವು ಅವರ ಹಿಂದೆ ಹೋಗಲಿಲ್ಲ, ಕೆಲಸದ ಗಡಿಬಿಡಿ ಎಂದು ಸುಮ್ಮನಾದೆವು. ಟೋಪಿ ಹಿಡಿದವನ ಕಡೆಗಿನ ಮಾತನ್ನೇ ಇಷ್ಟು ಹೊತ್ತು ಆಡಿದ ನಾವು, ಅಂದು ಆ ಕೋಣೆಯಲ್ಲಿ ಕುಳಿತು ಮುಖ ತಿರುಗಿಸಿದವರ ಪೈಕಿ ಇದ್ದೆವು. ಇದನ್ನು ಈ ಪೀಠದಿಂದ ಹೇಳಿ ಕ್ಷಮೆ ಕೇಳುವುದು ಬಾಕಿ ಇತ್ತು.

ಜನವರಿಯಿಂದ ಫೀಸು, ಕರೆಂಟು, ಔಷಧಿ ಇಂಥ ತುರ್ತಿಗೆ ನೆರವು ಬೇಕಾದವರು ಪ್ರತಿ ಬುಧವಾರ ಸಂಜೆ ಏಳರಿಂದ ಎಂಟರವರೆಗೆ ಗುರುಮನೆಯ ಹಿಂದಿನ ಬಾಗಿಲಿಗೆ ಬರಬಹುದು. ಅಲ್ಲಿ ದೀಪ ಇರುತ್ತದೆ, ಒಬ್ಬರೇ ಇರುತ್ತಾರೆ, ಪುಸ್ತಕದಲ್ಲಿ ಹೆಸರು ಬರೆಯುವುದಿಲ್ಲ, ಫೋಟೋ ಇಲ್ಲ. ಕೊಡಬೇಕೆಂದಿರುವವರಿಗೂ ಅದೇ ಬಾಗಿಲು, ಅದೇ ಹೊತ್ತು. ಯಾರು ಕೊಡಲು ಬಂದವರು, ಯಾರು ಕೇಳಲು ಬಂದವರು ಎಂದು ಹೊರಗಿನವರಿಗೆ ತಿಳಿಯದಿರಲಿ ಎಂದೇ ಹೀಗೆ ಮಾಡಿದ್ದೇವೆ.

ಈಗ ಎದ್ದು ನಿಂತು ನಮ್ಮ ವಿಶ್ವಾಸವನ್ನು ಪ್ರಕಟಿಸೋಣ.